ನಾಲ್ಕರಲ್ಲಿ ಒಂದು ಮಿಸ್ ಹೊಡೆದಾಗ

ಹಳೆ ಗಾಡಿ ಸಾಕಿದವರ ಡಿಕ್ಕಿಯಲ್ಲಿ ಒಂದು ಡಬ್ಬಿ ಇದ್ದೇ ಇರುತ್ತದೆ. ನಾಲ್ಕು ಪ್ಲಗ್ಗು, ಒಂದು ಜೊತೆ ಪಾಯಿಂಟು, ಕಂಡೆನ್ಸರು, ರೋಟರು, ಮುಂಜಾಗ್ರತೆಯವರಾದರೆ ಒಂದು ಕಾಯಿಲ್ಲೂ. ಎಂಜಿನ್ ಮಿಸ್ ಹೊಡೆಯಲು ಶುರುವಾಯಿತೋ, ಡಬ್ಬಿ ಹೊರಗೆ ಬರುತ್ತದೆ, ಒಂದಾದ ಮೇಲೊಂದು ಸಾಮಾನು ಬದಲಾಗುತ್ತದೆ. ಸಂಜೆ ಹೊತ್ತಿಗೆ ಗಾಡಿ ಸರಿಹೋದರೂ ಯಾವುದರಿಂದ ಸರಿಹೋಯಿತು ಅಂತ ಗೊತ್ತಿರುವುದಿಲ್ಲ. ಸರಿಹೋಗದಿದ್ದರೆ ಇನ್ನೂ ಫಜೀತಿ. ಹೊಸದಾಗಿ ಹಾಕಿದ್ದರಲ್ಲೇ ಒಂದು ಕೆಟ್ಟದ್ದಿದ್ದು, ಇದ್ದ ಒಂದು ದೋಷ ಎರಡಾಗಿರುತ್ತದೆ.

ಆದ್ದರಿಂದ ಡಬ್ಬಿ ಮುಟ್ಟುವ ಮೊದಲು ಎರಡು ಪ್ರಶ್ನೆಗೆ ಉತ್ತರ ಬೇಕು. ಮಿಸ್ ಹೊಡೆಯುತ್ತಿರುವುದು ಯಾವ ಸಿಲಿಂಡರ್? ಅದು ಹೊಡೆಯುವುದು ಯಾವಾಗ? ಇವೆರಡು ಗೊತ್ತಾದರೆ ಹುಡುಕಾಟದ ಮುಕ್ಕಾಲು ಪಾಲು ಮುಗಿದಂತೆ.

ಉದಾಹರಣೆಗೆ ಎಂಜಿಬಿ ಕಾರನ್ನೇ ತೆಗೆದುಕೊಳ್ಳೋಣ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಸಮೀಪದ ಆಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ, ಎರಡು ಸೀಟಿನ ಸ್ಪೋರ್ಟ್ಸ್ ಕಾರು ಅದು. ಐದು ಲಕ್ಷಕ್ಕೂ ಹೆಚ್ಚು ಹೊರಬಿದ್ದವು, ಬಹುಪಾಲು ಅಮೆರಿಕಕ್ಕೆ ಹಡಗು ಹತ್ತಿದವು. ಇವತ್ತಿಗೂ ಅಲ್ಲಿ ಕೈಗೆಟಕುವ ಬೆಲೆಗೆ ಸಿಗುವ ಹಳೆ ಸ್ಪೋರ್ಟ್ಸ್ ಕಾರುಗಳಲ್ಲಿ ಅದೂ ಒಂದು. ಅಲ್ಲಿ ನೆಲೆಸಿದ ನಮ್ಮವರಿಗೂ ವಾರಾಂತ್ಯದ ಹುಚ್ಚಿಗೆ ಹೇಳಿಮಾಡಿಸಿದ ಗಾಡಿ. ಅದನ್ನೇ ಆರಿಸಿಕೊಳ್ಳಲು ಇನ್ನೊಂದು ಕಾರಣವಿದೆ. ಎಂಜಿಬಿಯ 1798 ಸಿಸಿ ಎಂಜಿನ್ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ‘ಬಿ ಸೀರೀಸ್’ ವಂಶದ್ದು. ಅದೇ ವಂಶದ 1489 ಸಿಸಿ ಎಂಜಿನ್ 1955ರಲ್ಲಿ ಬಂದ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲಿತ್ತು. ಮುಂದೆ ದಶಕಗಳ ಕಾಲ ನಮ್ಮ ಅಂಬಾಸಿಡರ್‌ನ ಬಾನೆಟ್ ಕೆಳಗೂ ಅದೇ ಇತ್ತು. ಅಂಬಾಸಿಡರ್ ಎಂಜಿನ್ ಬಿಚ್ಚಿ ಕಟ್ಟಿದ ಮೇಸ್ತ್ರಿಗೆ ಎಂಜಿಬಿಯ ಬಾನೆಟ್ ಎತ್ತಿದರೆ ಪರಿಚಯದ ಮುಖವೇ ಕಾಣುತ್ತದೆ. ಕಾರ್ಬೊರೇಟರ್ ಎರಡಿವೆ, ಅಷ್ಟೇ. ಇಲ್ಲಿ ಹೇಳುವುದರಲ್ಲಿ ಹೆಚ್ಚಿನದು ಅಂಬಾಸಿಡರ್‌ಗೂ ಪ್ರೀಮಿಯರ್ ಪದ್ಮಿನಿಗೂ ನಡೆಯುತ್ತದೆ. ಅಳತೆಗಳಿಗೆ ಮಾತ್ರ ಆಯಾ ಗಾಡಿಯ ಪುಸ್ತಕವೇ ಪ್ರಮಾಣ.

ಯಾವಾಗ ಹೊಡೆಯುತ್ತದೆ?

ಗಾಡಿಯನ್ನು ಗ್ಯಾರೇಜಿಗೆ ಬಿಟ್ಟು ‘ಪಿಕಪ್ ಇಲ್ಲ, ಮಿಸ್ಸಿಂಗ್ ಇದೆ’ ಎಂದಷ್ಟೇ ಹೇಳಿ ಬಂದರೆ ಸಾಮಾನ್ಯವಾಗಿ ಸಿಗುವ ಉತ್ತರ ‘ಕಾರ್ಬೊರೇಟರ್ ಬಿಚ್ಚಬೇಕು ಸಾರ್’. ಅದರ ಬದಲು ಒಂದು ಸುತ್ತು ಹೊಡೆದು ಗಮನಿಸಿ.

ಐಡ್ಲಿಂಗ್‌ನಲ್ಲಿ ಕುಂಟುತ್ತ, ಆಕ್ಸಿಲರೇಟರ್ ಒತ್ತಿದಂತೆ ನುಣುಪಾಗುತ್ತ ಹೋದರೆ ಎಲ್ಲೋ ಗಾಳಿ ಸೋರಿ ಒಳಗೆ ಹೋಗುತ್ತಿದೆ ಎಂದು ಶಂಕಿಸಬಹುದು. ಐಡ್ಲಿಂಗ್‌ನಲ್ಲಿ ಎಂಜಿನ್ ಕುಡಿಯುವ ಗಾಳಿಯೇ ಕಡಿಮೆ, ಕದ್ದು ಬರುವ ಗಾಳಿಗೆ ಆಗ ತೂಕ ಜಾಸ್ತಿ. ಟ್ಯಾಪೆಟ್ ಬಿಗಿಯಾಗಿದ್ದರೂ ಇದೇ ಲಕ್ಷಣ ಕಾಣಬಹುದು. ಇದಕ್ಕೆ ತದ್ವಿರುದ್ಧವಾಗಿ, ನಿಂತಲ್ಲಿ ಚೆನ್ನಾಗಿದ್ದು ಏರು ಹತ್ತುವಾಗ, ಟಾಪ್ ಗೇರಿನಲ್ಲಿ ಒತ್ತಿದಾಗ ತಡವರಿಸಿದರೆ ಮೊದಲ ಶಂಕೆ ಕಿಡಿಯ ಮೇಲೆ. ಥ್ರಾಟಲ್ ತೆರೆದಾಗ ಸಿಲಿಂಡರಿನಲ್ಲಿ ಗಾಳಿ ಒತ್ತೊತ್ತಾಗಿ ತುಂಬುತ್ತದೆ, ಪ್ಲಗ್ಗಿನ ಸಂದು ಹಾರಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಬಡಕಲು ಕಾಯಿಲ್, ಸವೆದ ಪ್ಲಗ್, ಬಿರುಕುಬಿಟ್ಟ ಕ್ಯಾಪ್ ಕೈಕೊಡುವುದು ಆಗಲೇ.

ಮಳೆಗಾಲದ ಬೆಳಿಗ್ಗೆ ಮಾತ್ರ ತೊಂದರೆ ಎಂದರೆ ಎಚ್‌ಟಿ ವೈರ್ ಮತ್ತು ಡಿಸ್ಟ್ರಿಬ್ಯೂಟರ್ ಕ್ಯಾಪ್. ಅರ್ಧ ಗಂಟೆ ಓಡಿ ಕಾದ ಮೇಲೆ ಶುರುವಾಗಿ, ತಣಿಸಿದರೆ ಮಾಯವಾದರೆ ಕಾಯಿಲ್ ಅಥವಾ ಕಂಡೆನ್ಸರ್. ಕಾಯಿಲ್ ಮೇಲೆ ಒದ್ದೆ ಬಟ್ಟೆ ಸುತ್ತಿ ಹತ್ತು ನಿಮಿಷ ಬಿಟ್ಟು ನೋಡುವ ಹಳೆ ಉಪಾಯ ಇವತ್ತಿಗೂ ಸುಳ್ಳಾಗಿಲ್ಲ.

ಇನ್ನು ಸ್ಪೀಡೋಮೀಟರ್ ಪಕ್ಕದ ಟ್ಯಾಕೋಮೀಟರ್. ಮೊದಮೊದಲ ಎಂಜಿಬಿಗಳನ್ನು ಬಿಟ್ಟರೆ ಉಳಿದವುಗಳಲ್ಲಿ ಅದು ಇಗ್ನಿಷನ್ ಲೈನಿನ ಕರೆಂಟಿನಿಂದಲೇ ಓಡುವಂಥದು. ಗಾಡಿ ಓಡುತ್ತಿರುವಾಗ ಎಂಜಿನ್ ಮುಗ್ಗರಿಸಿದ ಕ್ಷಣದಲ್ಲೇ ಟ್ಯಾಕೋ ಮುಳ್ಳೂ ಧಡಕ್ಕನೆ ಕೆಳಗೆ ಬಿದ್ದರೆ ಪಾಯಿಂಟ್, ಕಾಯಿಲ್‌ನ 12 ವೋಲ್ಟ್ ಬದಿ, ಇಗ್ನಿಷನ್ ಸ್ವಿಚ್ ಇವುಗಳಲ್ಲೇ ಎಲ್ಲೋ ಕರೆಂಟ್ ಕಡಿದುಹೋಗುತ್ತಿದೆ. ಮುಳ್ಳು ಅಲುಗದೆ ನಿಂತು ಎಂಜಿನ್ ಮಾತ್ರ ತಡವರಿಸಿದರೆ ಅಷ್ಟು ಜಾಗ ಸದ್ಯಕ್ಕೆ ನಿರಪರಾಧಿ.

ಯಾವ ಸಿಲಿಂಡರ್?

ಸೈಲೆನ್ಸರ್ ಹತ್ತಿರ ಕಿವಿಗೊಟ್ಟರೆ ಒಂದೇ ತಾಳದಲ್ಲಿ ಬರುವ ‘ಫಟ್’ ಒಂದು ನಿರ್ದಿಷ್ಟ ಸಿಲಿಂಡರಿನದು. ತಾಳವಿಲ್ಲದ ಗೊಗ್ಗರು ದನಿ ಎಲ್ಲ ಸಿಲಿಂಡರುಗಳಿಗೂ ಸೇರಿದ್ದರ ದೋಷ, ಅಂದರೆ ಕಾಯಿಲ್, ಪಾಯಿಂಟ್, ರೋಟರ್, ಪೆಟ್ರೋಲ್ ಪೂರೈಕೆ. ಪೈಪಿನ ಬಾಯಿಗೆ ಒಂದು ತುಂಡು ಕಾಗದ ಹಿಡಿದರೂ ಗೊತ್ತಾಗುತ್ತದೆ. ಸದಾ ಹೊರಕ್ಕೆ ತಳ್ಳಿಸಿಕೊಳ್ಳಬೇಕಾದ ಕಾಗದ ಆಗಾಗ ಒಳಕ್ಕೆ ಎಳೆದುಕೊಂಡರೆ ಒಂದು ಸಿಲಿಂಡರ್ ಉರಿಯುತ್ತಿಲ್ಲ, ಇಲ್ಲವೇ ಎಕ್ಸಾಸ್ಟ್ ವಾಲ್ವ್ ಸರಿಯಾಗಿ ಕೂರುತ್ತಿಲ್ಲ.

ಯಾವುದೆಂದು ಹಿಡಿಯಲು ಎಂಜಿನ್ ಐಡ್ಲಿಂಗ್‌ನಲ್ಲಿದ್ದಾಗ ಒಂದೊಂದೇ ಪ್ಲಗ್ಗಿನ ಕ್ಯಾಪ್ ಕೀಳುವುದು ಎಲ್ಲರಿಗೂ ಗೊತ್ತಿರುವ ಕ್ರಮ. ಕಿತ್ತಾಗ ಎಂಜಿನ್ ಇನ್ನಷ್ಟು ಕುಗ್ಗಿದರೆ ಆ ಸಿಲಿಂಡರ್ ದುಡಿಯುತ್ತಿತ್ತು, ಏನೂ ವ್ಯತ್ಯಾಸವಾಗದಿದ್ದರೆ ಕಳ್ಳ ಅದೇ. ಆದರೆ ಬರಿಗೈಯಲ್ಲಿ ಕೀಳಬೇಡಿ. ಎಂಜಿನ್ ನಿಲ್ಲಿಸಿ, ಒಂದು ವೈರ್ ತೆಗೆದು, ಅದರ ತುದಿಯನ್ನು ತಂತಿಯಿಂದ ಎಂಜಿನ್ ಬ್ಲಾಕಿಗೆ ಅರ್ತ್ ಮಾಡಿ, ಮತ್ತೆ ಸ್ಟಾರ್ಟ್ ಮಾಡುವುದು ನಿಧಾನವಾದರೂ ಒಳ್ಳೆಯದು. ಗಾಳಿಯಲ್ಲಿ ತೂಗುವ ವೈರಿನಲ್ಲಿ ದಾರಿ ಸಿಗದ ಕಿಡಿ ಕ್ಯಾಪ್ ಒಳಗೋ ರೋಟರ್ ಮೂಲಕವೋ ಹೊಸ ದಾರಿ ಕೊರೆಯುತ್ತದೆ. ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದ ಗಾಡಿಯಾದರೆ ಮಾಡ್ಯೂಲೇ ಸುಟ್ಟೀತು.

ಇಲ್ಲಿ ಬಿ ಸೀರೀಸ್ ಎಂಜಿನ್ನಿನ ರಚನೆಯೇ ಅರ್ಧ ಗುಟ್ಟು ಬಿಟ್ಟುಕೊಡುತ್ತದೆ. ರೇಡಿಯೇಟರ್ ಬದಿಯದು ಒಂದನೇ ಸಿಲಿಂಡರ್. ಹೆಡ್‌ನ ಒಂದೇ ಮಗ್ಗುಲಲ್ಲಿ ಐದು ಕಿಂಡಿಗಳಿವೆ. ಒಳಗೆ ಗಾಳಿ ಹೋಗಲು ಎರಡೇ, 1 ಮತ್ತು 2ಕ್ಕೆ ಒಂದು, 3 ಮತ್ತು 4ಕ್ಕೆ ಇನ್ನೊಂದು. ಹೊಗೆ ಹೋಗಲು ಮೂರು, 1ಕ್ಕೆ ಬೇರೆ, 4ಕ್ಕೆ ಬೇರೆ, ನಡುವಿನ 2 ಮತ್ತು 3ಕ್ಕೆ ಜಂಟಿ. ಎರಡು ಎಸ್‌ಯು ಕಾರ್ಬೊರೇಟರ್‌ಗಳಲ್ಲಿ ಮುಂದಿನದು ಮುಂದಿನ ಜೋಡಿಗೆ, ಹಿಂದಿನದು ಹಿಂದಿನ ಜೋಡಿಗೆ.

ಹಾಗಾಗಿ 1 ಮತ್ತು 2 ಎರಡೂ ಸೊರಗಿದರೆ ಮುಂದಿನ ಕಾರ್ಬೊರೇಟರ್ ನೋಡಿ. 3 ಮತ್ತು 4 ಸೊರಗಿದರೆ ಹಿಂದಿನದು. ಎರಡಕ್ಕೂ ನಡುವೆ ಸಮತೋಲನದ ಪೈಪ್ ಇರುವುದರಿಂದ ಪೂರ್ತಿ ಸಾಯುವುದಿಲ್ಲ, ಸೊರಗುತ್ತವೆ. ನಡುವಿನ 2 ಮತ್ತು 3 ಸತ್ತರೆ ಎರಡು ಸಾಧ್ಯತೆ. ನಿನ್ನೆ ಸರ್ವಿಸ್ ಆಗಿ ಇವತ್ತು ಹೀಗಾಗಿದ್ದರೆ ಆ ಎರಡು ಎಚ್‌ಟಿ ವೈರುಗಳು ಅದಲುಬದಲಾಗಿವೆ. ಫೈರಿಂಗ್ ಆರ್ಡರ್ 1-3-4-2, ರೋಟರ್ ತಿರುಗುವುದು ಗಡಿಯಾರಕ್ಕೆ ವಿರುದ್ಧ ದಿಕ್ಕಿನಲ್ಲಿ. ದಿನದಿನಕ್ಕೆ ಹದಗೆಡುತ್ತ ಬಂದಿದ್ದರೆ ಹೆಡ್ ಗ್ಯಾಸ್ಕೆಟ್ ಆ ಎರಡರ ನಡುವೆ ಸುಟ್ಟಿರಬಹುದು. ಎರಡು ಎಕ್ಸಾಸ್ಟ್ ವಾಲ್ವ್‌ಗಳು ಅಕ್ಕಪಕ್ಕ ಕೂತು ಕಾಯುವ ಜಾಗ ಅದು, ಗ್ಯಾಸ್ಕೆಟ್ ಅಲ್ಲಿ ಸೋಲುವುದು ಸಹಜ. ಒಂದೇ ಒಂದು ಸಿಲಿಂಡರ್ ಸತ್ತಿದ್ದರೆ ಅದರ ಪ್ಲಗ್, ಅದರ ವೈರ್, ಅದರ ವಾಲ್ವ್. ಪ್ಲಗ್ಗನ್ನು ಪಕ್ಕದ ಸಿಲಿಂಡರಿಗೆ ಹಾಕಿ. ದೋಷ ಪ್ಲಗ್ಗಿನ ಜೊತೆಗೇ ಹೋಯಿತೇ? ಮುಗಿಯಿತು. ಇಲ್ಲವಾದರೆ ವೈರಿನ ಸರದಿ. ಒಂದು ಸಲಕ್ಕೆ ಒಂದೇ ವಸ್ತು, ಅದನ್ನು ಮಾತ್ರ ಮರೆಯಬಾರದು.

ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿ ಒಂದು ನಿಮಿಷದಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ ನೀರು ಚಿಮುಕಿಸಿ, ಯಾವ ಕೊಂಬೆಯ ಮೇಲೆ ಹನಿ ಆರಲಿಲ್ಲ ಎಂದು ನೋಡುವುದೂ ಒಂದು ದಾರಿ. 1 ಮತ್ತು 4ಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ನಡುವಿನ ಜಂಟಿ ಕಿಂಡಿಯ ವಿಷಯದಲ್ಲಿ ಮೋಸ ಹೋಗುತ್ತೀರಿ.

ಡಿಸ್ಟ್ರಿಬ್ಯೂಟರ್ ಎಂಬ ಸಂದೂಕ

ಹಳೆ ಮೇಸ್ತ್ರಿಗಳು ಹೇಳುವ ಮಾತೊಂದಿದೆ: ಕಾರ್ಬೊರೇಟರಿನ ಮೇಲೆ ಹೊರಿಸುವ ದೂರುಗಳಲ್ಲಿ ಹೆಚ್ಚಿನವು ಡಿಸ್ಟ್ರಿಬ್ಯೂಟರಿನವು. ನನ್ನ ಅನುಭವವೂ ಅದನ್ನೇ ಹೇಳುತ್ತದೆ. ಕಿಡಿಯೋ ಪೆಟ್ರೋಲೋ ಎಂದು ತೀರ್ಮಾನಿಸಲು ಟೈಮಿಂಗ್ ಲೈಟಿಗಿಂತ ಒಳ್ಳೆಯ ಸಾಧನವಿಲ್ಲ. ಅದರ ಕ್ಲಿಪ್ಪನ್ನು ಕಾಯಿಲ್‌ನಿಂದ ಕ್ಯಾಪಿನ ನಡುವಿಗೆ ಹೋಗುವ ದಪ್ಪ ವೈರಿಗೆ ಹಾಕಿ. ಎಂಜಿನ್ ಮಿಸ್ ಹೊಡೆಯುವಾಗ ಬೆಳಕಿನ ಮಿಣುಕೂ ತಪ್ಪಿದರೆ ದೋಷ ಕಾಯಿಲ್ ಅಥವಾ ಅದರ ಹಿಂದೆ. ಅಲ್ಲಿ ಸರಿಯಿದ್ದು ಒಂದು ಪ್ಲಗ್ಗಿನ ವೈರಿನಲ್ಲಿ ತಪ್ಪಿದರೆ ಕ್ಯಾಪ್, ರೋಟರ್, ವೈರ್. ಎಲ್ಲೂ ತಪ್ಪದೆ ಮಿಣುಗುತ್ತಿದ್ದು ಮಿಸ್ ಮಾತ್ರ ಇದ್ದರೆ ಹೆಚ್ಚಾಗಿ ಪೆಟ್ರೋಲಿನ ಕಡೆಗೋ ವಾಲ್ವ್ ಕಡೆಗೋ ತಿರುಗಬೇಕು. ಪ್ಲಗ್ಗಿನ ಪಿಂಗಾಣಿ ಒಡೆದು ಒಳಗೇ ಸೋರುತ್ತಿದ್ದರೂ ಬೆಳಕು ಮಿಣುಗೀತು, ಅದನ್ನು ಪ್ಲಗ್ ಅದಲುಬದಲು ಮಾಡಿದಾಗಲೇ ಹಿಡಿದಿರುತ್ತೀರಿ.

ಈಗ ಕ್ಯಾಪ್ ತೆಗೆಯಿರಿ. ಒಳಮೈಯನ್ನು ಒಣ ಬಟ್ಟೆಯಿಂದ ಒರೆಸಿ ಬೆಳಕಿಗೆ ಹಿಡಿದು ತಿರುಗಿಸಿ. ಎರಡು ಹಿತ್ತಾಳೆಯ ಮೊಳೆಗಳ ನಡುವೆ ಪೆನ್ಸಿಲ್ಲಿನಲ್ಲಿ ಎಳೆದಂಥ ಸೊಟ್ಟ ಗೆರೆ ಕಂಡರೆ ಅದು ಕಿಡಿ ಸುಟ್ಟು ಮಾಡಿಕೊಂಡ ಕಾಲುದಾರಿ. ಕೆರೆದು ಉಪಯೋಗವಿಲ್ಲ, ಕ್ಯಾಪ್ ಬದಲಿಸಿ. ನಡುವೆ ಸ್ಪ್ರಿಂಗಿನ ಮೇಲೆ ಕೂತ ಇಂಗಾಲದ ಪುಟ್ಟ ಬ್ರಷ್ ಬೆರಳಲ್ಲಿ ಒತ್ತಿದರೆ ಒಳಗೆ ಹೋಗಿ ವಾಪಸ್ ಬರಬೇಕು. ಎಷ್ಟೋ ಗಾಡಿಗಳಲ್ಲಿ ಅದು ಸವೆದು ಇಲ್ಲವೇ ಇಲ್ಲದಂತಾಗಿರುತ್ತದೆ, ಆದರೂ ಗಾಡಿ ಹೇಗೋ ಓಡುತ್ತಿರುತ್ತದೆ.

ರೋಟರಿನಲ್ಲಿ ಹಿತ್ತಾಳೆ ಪಟ್ಟಿಯನ್ನು ರಿವೆಟ್ ಹೊಡೆದು ಕೂರಿಸಿದ ಅಗ್ಗದ ಮಾಲು ಬರುತ್ತದೆ. ರಿವೆಟ್ಟಿನ ತುದಿಗೂ ಕೆಳಗಿನ ಸ್ಪಿಂಡಲ್ಲಿಗೂ ನಡುವೆ ಪ್ಲಾಸ್ಟಿಕ್ ತೆಳ್ಳಗಿದ್ದರೆ ಕಿಡಿ ಅದನ್ನು ತೂತು ಮಾಡಿ ಸ್ಪಿಂಡಲ್ಲಿಗೇ ಅರ್ತ್ ಆಗುತ್ತದೆ. ಹೊರಗಿನಿಂದ ನೋಡಿದರೆ ಹೊಚ್ಚಹೊಸ ರೋಟರ್, ಒಳಗೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ. ಇಂಗ್ಲೆಂಡಿನಲ್ಲಿ ರಿವೆಟ್ ಇಲ್ಲದ ಕೆಂಪು ರೋಟರ್‌ಗಳು ಚಾಲ್ತಿಗೆ ಬಂದದ್ದು ಈ ಕಾಟದಿಂದಲೇ. ಕಂಡೆನ್ಸರಿನದೂ ಇದೇ ಕಥೆ. ಹಳೆಯದು ಚೆನ್ನಾಗಿ ನಡೆಯುತ್ತಿದ್ದರೆ ಸರ್ವಿಸ್ ಹೆಸರಿನಲ್ಲಿ ಅದನ್ನು ತೆಗೆದು ಹೊಸದು ಹಾಕಬೇಡಿ ಎಂಬುದು ನನ್ನ ಖಡಾಖಂಡಿತ ಅಭಿಪ್ರಾಯ. ಕಂಡೆನ್ಸರ್ ಸತ್ತಿದ್ದರೆ ಪಾಯಿಂಟ್ ತೆರೆಯುವಾಗ ದಪ್ಪನೆಯ ಕಿಡಿ ಹಾರುತ್ತದೆ, ಪಾಯಿಂಟಿನ ಮುಖಗಳು ಬೇಗ ಸುಟ್ಟು ನೀಲಿಗಟ್ಟುತ್ತವೆ.

ಪಾಯಿಂಟಿನ ಮುಖಗಳನ್ನು ಸ್ವಚ್ಛ ಮಾಡಿ, ಫೀಲರ್ ಗೇಜ್ ಹಾಕಿ 0.35ರಿಂದ 0.40 ಮಿ.ಮೀ. ಸಂದು ಇಡಿ. ಹೀಗೆ ಇಟ್ಟ ಸಂದು ನಾಲ್ಕೂ ಕ್ಯಾಮ್ ಮೂಲೆಗಳಲ್ಲಿ ಒಂದೇ ಇರದೆ ಹೆಚ್ಚು ಕಡಿಮೆಯಾದರೆ ಸ್ಪಿಂಡಲ್ ಹಿಡಿದು ಅಡ್ಡಡ್ಡ ಅಲುಗಿಸಿ. ಬುಷ್ ಸವೆದು ಆಟ ಬಂದಿದ್ದರೆ ಯಾವ ಪಾಯಿಂಟ್ ಹಾಕಿದರೂ ಕ್ಷೇಮವಿಲ್ಲ.

ಇಲ್ಲೊಂದು ಚಿಕ್ಕ ವೈರ್ ಇದೆ, ತಲೆ ಕೆಡಿಸುವುದರಲ್ಲಿ ಎಲ್ಲವನ್ನೂ ಮೀರಿಸಿದ್ದು. ಲ್ಯೂಕಾಸ್ 25ಡಿ4 ಡಿಸ್ಟ್ರಿಬ್ಯೂಟರಿನಲ್ಲಿ ಹೊರಗಿನ ಟರ್ಮಿನಲ್ಲಿನಿಂದ ಪಾಯಿಂಟಿಗೆ ಕರೆಂಟ್ ತರುವ, ಬೆರಳುದ್ದವೂ ಇಲ್ಲದ ಮೆತ್ತನೆಯ ವೈರ್. ಪಾಯಿಂಟ್ ಕೂತ ತಟ್ಟೆಯನ್ನು ವ್ಯಾಕ್ಯೂಮ್ ಅಡ್ವಾನ್ಸ್ ಹಿಂದೆ ಮುಂದೆ ತಿರುಗಿಸುತ್ತಲೇ ಇರುತ್ತದೆ, ಜೊತೆಗೆ ಈ ವೈರೂ ಬಾಗುತ್ತದೆ. ವರ್ಷಗಟ್ಟಲೆ ಬಾಗಿ ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ, ಹೊರಗಿನ ಹೊದಿಕೆ ಮಾತ್ರ ಹೊಸದರಂತೆ ಇರುತ್ತದೆ. ಲಕ್ಷಣ ವಿಚಿತ್ರ. ಹದವಾಗಿ, ಅರ್ಧ ಥ್ರಾಟಲ್‌ನಲ್ಲಿ ಹೋಗುವಾಗ ತಟ್ಟೆ ಹೆಚ್ಚು ತಿರುಗುವುದರಿಂದ ಆಗ ಮಿಸ್, ಪೂರ್ತಿ ಒತ್ತಿದರೆ ತಟ್ಟೆ ಸ್ವಸ್ಥಾನಕ್ಕೆ ಬಂದು ಗಾಡಿ ಸಲೀಸು. ಮಾಲೀಕರು ಕಾರ್ಬೊರೇಟರ್ ಜೆಟ್ ಬದಲಿಸುತ್ತ ತಿಂಗಳು ಕಳೆಯುತ್ತಾರೆ. ಮಲ್ಟಿಮೀಟರಿನ ಒಂದು ಕಡ್ಡಿ ಟರ್ಮಿನಲ್ಲಿಗೆ, ಇನ್ನೊಂದು ಪಾಯಿಂಟಿನ ಸ್ಪ್ರಿಂಗಿಗೆ ಇಟ್ಟು, ತಟ್ಟೆಯನ್ನು ಬೆರಳಿಂದ ತಿರುಗಿಸುತ್ತ ಓಮ್ಸ್ ನೋಡಿ. ಸಂಖ್ಯೆ ಹಾರಾಡಿದರೆ ಸಿಕ್ಕಿಬಿದ್ದ ಹಾಗೆ. ಅದೇ ತಟ್ಟೆಯನ್ನು ಬಾಡಿಗೆ ಸೇರಿಸುವ ಅರ್ತ್ ವೈರನ್ನೂ ಹೀಗೆಯೇ ಪರೀಕ್ಷಿಸಿ.

ಕಾಯಿಲ್ ವಿಷಯ ಚುಟುಕಾಗಿ. ನೇರ 12 ವೋಲ್ಟಿನ ಕಾಯಿಲ್ಲಿನ ಪ್ರೈಮರಿ ಸುಮಾರು 3 ಓಮ್ ತೋರಿಸುತ್ತದೆ, ಬ್ಯಾಲಾಸ್ಟ್ ವೈರ್ ಜೊತೆಗಿರುವುದು ಸುಮಾರು ಒಂದೂವರೆ. ಬ್ಯಾಲಾಸ್ಟ್ ಇರುವ ಕೊನೆಕೊನೆಯ ಎಂಜಿಬಿಗೆ 3 ಓಮಿನ ಕಾಯಿಲ್ ಹಾಕಿದರೆ ಕಿಡಿ ಬಡಕಲು. ಬ್ಯಾಲಾಸ್ಟ್ ಇಲ್ಲದ ಹಳೆಯದಕ್ಕೆ ಒಂದೂವರೆಯದು ಹಾಕಿದರೆ ಕಾಯಿಲ್ ಮುಟ್ಟಲಾಗದಷ್ಟು ಕಾಯುತ್ತದೆ. 1967ಕ್ಕೆ ಮೊದಲಿನ ಎಂಜಿಬಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ಬಾಡಿಗೆ ಅರ್ತ್ ಆಗಿರುತ್ತಿತ್ತು. ಯಾರಾದರೂ ಅದನ್ನು ನೆಗೆಟಿವ್‌ಗೆ ತಿರುಗಿಸಿ ಕಾಯಿಲ್ ವೈರುಗಳನ್ನು ಮಾತ್ರ ಹಾಗೇ ಬಿಟ್ಟಿದ್ದರೆ ಕಿಡಿ ಉಲ್ಟಾ ಹಾರಿ ಶಕ್ತಿ ಕಳೆದುಕೊಳ್ಳುತ್ತದೆ.

ಪ್ಲಗ್ಗಿನ ಸಂದು 0.63 ಮಿ.ಮೀ. ಬಿಸ್ಕತ್ತಿನ ಬಣ್ಣ ಇದ್ದರೆ ಸರಿ, ಒಣ ಕಪ್ಪು ಮಸಿ ಪೆಟ್ರೋಲ್ ಜಾಸ್ತಿ, ಬೂದು ಬಿಳುಪು ಕಡಿಮೆ. ಪೆಟ್ರೋಲಿನಲ್ಲಿ ತೊಯ್ದಿದ್ದರೆ ಕಿಡಿ ಬಂದಿಲ್ಲ, ಎಣ್ಣೆಯಲ್ಲಿ ತೊಯ್ದಿದ್ದರೆ ರಿಂಗ್ ಅಥವಾ ವಾಲ್ವ್ ಗೈಡ್. ಆಡುಗೋಡಿಯ ಮೈಕೊ ಪ್ಲಗ್ ನೋಡುತ್ತ ಬೆಳೆದ ಬೆಂಗಳೂರಿನ ಹಿರಿಯ ಮೆಕ್ಯಾನಿಕ್‌ಗಳು ಬಣ್ಣ ನೋಡಿಯೇ ಜಾತಕ ಹೇಳುತ್ತಿದ್ದರು. ಸೀಸವಿಲ್ಲದ ಪೆಟ್ರೋಲ್ ಬಂದ ಮೇಲೆ ಆ ಬಣ್ಣ ಮೊದಲಿನಷ್ಟು ಸ್ಪಷ್ಟವಿಲ್ಲ.

ಇದೆಲ್ಲ ಮುಗಿದ ಮೇಲೆ ಕಾರ್ಬೊರೇಟರ್. ಎಸ್‌ಯು ಸರಳ ಯಂತ್ರ. ಮೇಲಿನ ಮುಚ್ಚಳ ಬಿಚ್ಚಿ ಡ್ಯಾಶ್‌ಪಾಟ್‌ನಲ್ಲಿ ಎಣ್ಣೆ ಇದೆಯೇ ನೋಡಿ. ಇಲ್ಲದಿದ್ದರೆ ತಟ್ಟನೆ ಒತ್ತಿದಾಗ ಪಿಸ್ಟನ್ ಒಮ್ಮೆಲೇ ಮೇಲೆದ್ದು ಗಾಡಿ ಒಂದು ಕ್ಷಣ ಉಸಿರು ಹಿಡಿದಂತಾಗುತ್ತದೆ, ಕಾರ್ಬೊರೇಟರ್ ಬಾಯಿಂದ ಸೀನುತ್ತದೆ. 20 ಗ್ರೇಡಿನ ಎಣ್ಣೆ ಒಂದಿಷ್ಟು ಬಿದ್ದರೆ ಸಾಕು. ಕಾದ ಎಂಜಿನ್ ಐಡ್ಲಿಂಗ್‌ನಲ್ಲಿದ್ದಾಗ ಬದಿಯ ಪಿನ್ನಿನಿಂದ ಪಿಸ್ಟನ್ನನ್ನು ಒಂದು ಮಿಲಿಮೀಟರಿಗಿಂತ ಕಡಿಮೆ ಎತ್ತಿ. ವೇಗ ಚೂರು ಏರಿ ತಕ್ಷಣ ಇಳಿದರೆ ಮಿಶ್ರಣ ಸರಿ, ಏರಿದ್ದು ಏರಿಯೇ ನಿಂತರೆ ಪೆಟ್ರೋಲ್ ಜಾಸ್ತಿ, ಎಂಜಿನ್ ನಿಲ್ಲಹೊರಟರೆ ಕಡಿಮೆ. ಕಾರ್ಬೊರೇಟರ್ ಸೀನಿದರೆ ಪೆಟ್ರೋಲ್ ಸಾಲದು ಎಂಬ ದೂರು, ಸೈಲೆನ್ಸರ್ ಸಿಡಿದರೆ ಉರಿಯದ ಪೆಟ್ರೋಲ್ ಅಲ್ಲಿವರೆಗೆ ಹೋಗಿದೆ ಎಂಬ ದೂರು. ಬ್ರೇಕ್ ಪೆಡಲ್ ಒತ್ತಿದಾಗ ಐಡ್ಲಿಂಗ್ ಬದಲಾದರೆ, ಸರ್ವೊ ಇರುವ ಗಾಡಿಯಲ್ಲಿ, ಅದರ ಹೋಸ್ ಅಥವಾ ಸರ್ವೊ ಗಾಳಿ ಸೋರುತ್ತಿದೆ.

ನಮ್ಮಲ್ಲಿ ಈಗ ಹೊಸದೊಂದು ಸಂಗತಿ ಸೇರಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ, ಶೇ 20 ಎಥನಾಲ್ ಬೆರೆತ ಇ20 ಪೆಟ್ರೋಲ್. ಎಥನಾಲ್‌ಗೆ ಪೆಟ್ರೋಲಿಗಿಂತ ಶಕ್ತಿ ಕಡಿಮೆ, ಉರಿಯಲು ಬೇಕಾದ ಗಾಳಿಯೂ ಕಡಿಮೆ. ಹಳೆ ಜೆಟ್ಟಿನ ಅಳತೆಗೆ ಮಿಶ್ರಣ ತೆಳುವಾಗುತ್ತದೆ. ಜೆಟ್ ನಟ್ಟನ್ನು ಒಂದೊಂದೇ ಮುಖದಷ್ಟು ಕೆಳಗಿಳಿಸಿ ಹದ ಮಾಡಬೇಕು. ಹಳೆ ರಬ್ಬರ್ ಹೋಸ್ ಮತ್ತು ಸೀಲುಗಳು ಎಥನಾಲ್‌ಗೆ ಮೆತ್ತಗಾಗಿ ಸೋರುತ್ತವೆ, ಪೆಟ್ರೋಲ್ ವಾಸನೆ ಬಂದರೆ ಮಿಸ್ಸಿಂಗ್ ಮಾತು ಪಕ್ಕಕ್ಕಿಟ್ಟು ಮೊದಲು ಹೋಸ್ ಬದಲಿಸಿ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಎಥನಾಲ್ ನೀರು ಹೀರಿ ಟ್ಯಾಂಕಿನ ತಳ ಸೇರಿರುತ್ತದೆ. ಫ್ಲೋಟ್ ಚೇಂಬರಿನಿಂದ ಒಂದಿಷ್ಟನ್ನು ಗಾಜಿನ ಲೋಟಕ್ಕೆ ಬಸಿದು ನೋಡಿದರೆ ಕೆಳಗೆ ಪದರ ಕಾಣುತ್ತದೆ.

ಕಿಡಿ ಸರಿಯಿದೆ, ಪೆಟ್ರೋಲ್ ಸರಿಯಿದೆ, ಆದರೂ ಒಂದು ಸಿಲಿಂಡರ್ ಏಳುತ್ತಿಲ್ಲ ಎಂದರೆ ಕಂಪ್ರೆಷನ್ ನೋಡಬೇಕು. ನಾಲ್ಕೂ ಪ್ಲಗ್ ತೆಗೆದು, ಕಾಯಿಲ್ ವೈರ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು ಕ್ರ್ಯಾಂಕ್ ಮಾಡಿ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಗೇಜ್ ಪುಸ್ತಕದ ಅಂಕಿಗಿಂತ ಶೇ 10ರಷ್ಟು ಕಡಿಮೆ ತೋರಿಸಿದರೆ ಹೆದರಬೇಕಿಲ್ಲ. ನಾಲ್ಕರ ನಡುವಿನ ವ್ಯತ್ಯಾಸವೇ ಮುಖ್ಯ. ವ್ಯಾಕ್ಯೂಮ್ ಗೇಜಿಗೂ ಅದೇ ರಿಯಾಯಿತಿ: ಮಂಗಳೂರಿನಲ್ಲಿ 19 ಇಂಚು ತೋರಿಸುವ ಎಂಜಿನ್ ಇಲ್ಲಿ 16 ತೋರಿಸುತ್ತದೆ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಇಲ್ಲವೇ ಗ್ಯಾಸ್ಕೆಟ್.

ವಾಲ್ವ್ ಎಂದಾಕ್ಷಣ ಹೆಡ್ ಬಿಚ್ಚಲು ಅವಸರಿಸಬೇಡಿ, ಟ್ಯಾಪೆಟ್ ಅಳೆಯಿರಿ. ಭಾರತದಲ್ಲಿ 2000ದ ಫೆಬ್ರವರಿಯಿಂದ ಸೀಸದ ಪೆಟ್ರೋಲ್ ನಿಂತಿತು. ಆ ಸೀಸ ಹಳೆ ಬೀಡುಕಬ್ಬಿಣದ ವಾಲ್ವ್ ಸೀಟುಗಳನ್ನು ಸವೆಯದಂತೆ ಕಾಯುತ್ತಿತ್ತು. ಅದಿಲ್ಲದೆ ಸೀಟು ಸವೆದಂತೆ ಎಕ್ಸಾಸ್ಟ್ ವಾಲ್ವ್ ಮೇಲಕ್ಕೆ ಕೂರುತ್ತ ಬಂದು ಟ್ಯಾಪೆಟ್ಟಿನ ಸಂದು ಮುಚ್ಚಿಹೋಗುತ್ತದೆ. ಟಕಟಕ ಸದ್ದು ಮಾಡುವ ಟ್ಯಾಪೆಟ್ಟಿಗಿಂತ ಸದ್ದಿಲ್ಲದ ಟ್ಯಾಪೆಟ್ ಅಪಾಯ. ತಣ್ಣಗಿರುವ ಎಂಜಿಬಿಗೆ 0.38 ಮಿ.ಮೀ. ಹೊಂದಿಸಲು ಒಂಬತ್ತರ ಲೆಕ್ಕ ಸುಲಭ: 8ನೇ ವಾಲ್ವ್ ಪೂರ್ತಿ ತೆರೆದಾಗ 1ನೆಯದನ್ನು, 6 ತೆರೆದಾಗ 3ನ್ನು, ಹೀಗೆ ಎರಡರ ಮೊತ್ತ ಸದಾ ಒಂಬತ್ತು. ಸಂದು ಹೊಂದಿಸಿದ ಮೇಲೂ ಕಂಪ್ರೆಷನ್ ಏರದಿದ್ದರೆ ವಾಲ್ವ್ ಸುಟ್ಟಿದೆ, ಆಗ ಹೆಡ್ ಇಳಿಸುವುದೇ. ಹೇಗೂ ಇಳಿಸಿದ ಮೇಲೆ ಎಕ್ಸಾಸ್ಟ್ ಬದಿಗೆ ಗಟ್ಟಿ ಸೀಟುಗಳನ್ನು ಹಾಕಿಸಿಬಿಡಿ.

ಪಾಯಿಂಟಿನ ಕಾಟವೇ ಬೇಡವೆಂದು ಕ್ಯಾಪ್ ಒಳಗೇ ಕೂರುವ ಎಲೆಕ್ಟ್ರಾನಿಕ್ ಮಾಡ್ಯೂಲ್ ಹಾಕಿಸುವವರಿದ್ದಾರೆ, ತಪ್ಪೇನಿಲ್ಲ. ಮೊದಲು ಪಾಯಿಂಟಿನಲ್ಲೇ ಗಾಡಿ ಮಿಸ್ ಇಲ್ಲದೆ ಓಡಲಿ, ಆಮೇಲೆ ಹಾಕಿಸಿ. ಸವೆದ ಬುಷ್‌ಗೂ ಸೋರುವ ಮ್ಯಾನಿಫೋಲ್ಡ್‌ಗೂ ಮಾಡ್ಯೂಲ್ ಔಷಧಿಯಾಗುವುದಿಲ್ಲ. ಎಂಜಿನ್ ನಿಂತಿರುವಾಗ ಇಗ್ನಿಷನ್ ಆನ್ ಇಟ್ಟು ರೇಡಿಯೊ ಕೇಳುವ ಅಭ್ಯಾಸವಿದ್ದರೆ ಬಿಡಿ, ಕೆಲವು ಮಾಡ್ಯೂಲ್‌ಗಳು ಅಷ್ಟಕ್ಕೇ ಸುಡುತ್ತವೆ. ಬಿಚ್ಚಿದ ಹಳೆ ಪಾಯಿಂಟ್ ತಟ್ಟೆಯನ್ನು ಕಂಡೆನ್ಸರ್ ಸಮೇತ ಬಟ್ಟೆಯಲ್ಲಿ ಸುತ್ತಿ ಡಿಕ್ಕಿಯ ಡಬ್ಬಿಯಲ್ಲೇ ಇಡಿ. ದಾರಿಯಲ್ಲಿ ಮಾಡ್ಯೂಲ್ ಸತ್ತರೆ ರಿಪೇರಿ ಆಗದು, ಪಾಯಿಂಟ್ ತಟ್ಟೆಯನ್ನು ಒಂದು ಸ್ಕ್ರೂಡ್ರೈವರ್ ಹಿಡಿದು ರಸ್ತೆ ಪಕ್ಕದಲ್ಲೇ ಕೂರಿಸಬಹುದು.